ಬಿಟ್ಟು ಹಿಡಿಯುವುದು

ಬೆಳಿಗ್ಗೆ ಆರೂಕಾಲಕ್ಕೆ ಪಕ್ಕದ ಮನೆಯ ಪಿಳ್ಳಮ್ಮ ‘ನೀರು ಬಿಟ್ರು’ ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿದಾಗ ಜಯಕುಮಾರ ಬಚ್ಚಲ ಬಾಗಿಲಲ್ಲಿ ನಿಂತು ಒಂದು ಕೈಯಲ್ಲಿ ಹಲ್ಲುಜ್ಜುತ್ತ ಇನ್ನೊಂದು ಕೈಯಲ್ಲಿ ಫೋನು ನೋಡುತ್ತಿದ್ದ. ಹತ್ತೂವರೆಗೆ ತ್ಯಾಮಗೊಂಡ್ಲಿನ ಹಾಲು ತಂಪು ಮಾಡುವ ಕೇಂದ್ರದಲ್ಲಿರಬೇಕು, ಒಂಬತ್ತಕ್ಕೆ ರೆಡಿ ಇರಿ ಜಯಣ್ಣ, ಎಂದು ಅವನಿಗೆ ಕೆಲಸ ಕೊಟ್ಟ ಅರ್ಪಿತ ಮೇಡಂ ಕಳಿಸಿದ್ದ ಮೆಸೇಜು. ಕೊನೆಗೊಂದು ನಗುವ ಮುಖ. ಅಷ್ಟರಲ್ಲಿ ಅಡುಗೆಮನೆಯಿಂದ ಹೆಂಡತಿ ಅನುಸೂಯ, ‘ಆ ಫೋನು ಬಿಟ್ಟು ಕೊಡ ಹಿಡೀರಿ’ ಎಂದಳು. ಬಿಟ್ಟು, ಹಿಡೀರಿ. ಜಯಕುಮಾರನ ಬ್ರಷ್ಷು ಬಾಯೊಳಗೇ ನಿಂತಿತು. ಪಿಳ್ಳಮ್ಮನ ಬಾಯಲ್ಲಿ ಬಿಡುವುದೆಂದರೆ ಶುರುವಾಗುವುದು. ಅನುಸೂಯಳ ಬಾಯಲ್ಲಿ ಬಿಡುವುದೆಂದರೆ ಅದನ್ನು ಅದರ ಪಾಡಿಗೆ ಇರಗೊಟ್ಟು ಕೈ ತೆಗೆಯುವುದು. ಸ್ಕೂಲು ಬಿಟ್ಟರು ಅಂದರೆ ಮುಗಿಯಿತು, ಬಸ್ಸು ಬಿಟ್ಟರು ಅಂದರೆ ಹೊರಟಿತು. ನಲವತ್ತಾರು ವರ್ಷ ಈ ಮಾತನ್ನು ದಿನಕ್ಕೆ ನೂರು ಸಲ ಆಡಿಕೊಂಡು ಬಂದ ಮನುಷ್ಯ ಈ ಹೊತ್ತು, ಬಾಯಿತುಂಬ ನೊರೆ ಇಟ್ಟುಕೊಂಡು, ಅದನ್ನು ಹೊಸದಾಗಿ ಕೇಳಿಸಿಕೊಂಡ. ಕೇಳಿಸಿಕೊಂಡ ತಕ್ಷಣ ಪರೀಕ್ಷೆಯ ಹಾಳೆ ನೆನಪಾಯಿತು. ಹದಿನಾಲ್ಕನೇ ಸಾಲು. ಅಯ್ಯೋ ದೇವರೇ, ಹದಿನಾಲ್ಕನೇ ಸಾಲು.

ಕೊಡ ಹಿಡಿದ. ನಲ್ಲಿಯ ಮುಂದೆ ಕುಕ್ಕುರುಗಾಲಲ್ಲಿ ಕೂತ. ನೀರು ತುಂಬಿ ಪಾದದ ಮೇಲೆ ಹರಿಯುತ್ತಿದ್ದರೂ ಅವನ ಕಣ್ಣಿನ ಮುಂದೆ ಇದ್ದದ್ದು ಆ ಹಾಳೆ. ಅರ್ಪಿತ ಮಾಡಿರುವ ಸಾಧನದ ಹೆಸರು ಇಣುಕು. ಲೋಕವೆಲ್ಲ ಡಿಬಗ್ಗರ್ ಎನ್ನುವ ಜಾತಿಯದು. ಒಂದು ಪ್ರೋಗ್ರಾಂ ಒಳಗೊಳಗೇ ಏನು ಮಾಡುತ್ತಿದೆ, ಎಲ್ಲಿ ಎಡವುತ್ತಿದೆ ಎಂದು ಒಳಹೊಕ್ಕು ನೋಡಿ ಹೇಳುತ್ತದೆ. ನೋಡುವುದಕ್ಕೆ ಎರಡು ದಾರಿ. ಪ್ರೋಗ್ರಾಮನ್ನು ಇಣುಕೇ ಶುರು ಮಾಡಿ, ಹುಟ್ಟಿದಾಗಿನಿಂದ ಅದರ ಬೆನ್ನಿಗಿರುವುದು ಒಂದು. ತನ್ನ ಪಾಡಿಗೆ ತಾನು ಎಷ್ಟೋ ದಿನದಿಂದ ನಡೆಯುತ್ತಿರುವ ಪ್ರೋಗ್ರಾಮಿನ ಹತ್ತಿರ ಹೋಗಿ, ಅದು ನಡೆಯುತ್ತಿರುವಾಗಲೇ ಕೈ ಹಿಡಿದು, ನೋಡಿ, ಬಿಟ್ಟು ಬರುವುದು ಇನ್ನೊಂದು. ಎರಡನೆಯದೇ ಕಷ್ಟ, ಅದೇ ಇಣುಕಿನ ಹೆಚ್ಚುಗಾರಿಕೆ, ಅದನ್ನು ನಂಬಿಯೇ ತ್ಯಾಮಗೊಂಡ್ಲಿನವರು ಕರೆದಿರುವುದು. ಇಣುಕು ಸರಿಯಾಗಿ ಕೆಲಸ ಮಾಡುತ್ತದೆಯೇ ಎಂದು ನೋಡಿ ಟಿಕ್ಕು ಹಾಕುವುದು ಜಯಕುಮಾರನ ಕೆಲಸ. ಆ ಪರೀಕ್ಷೆಯ ಹಾಳೆಯಲ್ಲಿ ಹದಿಮೂರನೇ ಸಾಲು ಮೊದಲನೆಯದಕ್ಕೆ, ಹದಿನಾಲ್ಕನೆಯದು ಎರಡನೆಯದಕ್ಕೆ. ಹದಿನಾಲ್ಕರಲ್ಲಿ ಅರ್ಪಿತ ಬರೆದದ್ದು ಇಷ್ಟೇ: ಪ್ರೋಗ್ರಾಂ ಬಿಟ್ಟು ಹಿಡಿಯುವುದು, ಹಿಡಿದು ಬಿಡುವುದು. ಅವಳ ಮನಸ್ಸಿನಲ್ಲಿದ್ದದ್ದು ಅದರ ಪಾಡಿಗೆ ನಡೆಯಬಿಟ್ಟು ಎಂದು. ಜಯಕುಮಾರ ಓದಿಕೊಂಡದ್ದು ನೀರು ಬಿಟ್ಟ ಹಾಗೆ. ಇಣುಕಿನಿಂದಲೇ ಪ್ರೋಗ್ರಾಮನ್ನು ಬಿಟ್ಟ, ಹಿಡಿದ, ಬಿಟ್ಟ. ಇಪ್ಪತ್ತೊಂದು ಸಲ. ಇಪ್ಪತ್ತೊಂದು ಟಿಕ್ಕು. ಕೆಳಗೆ ‘ಸರಿ ಇದೆ’ ಎಂದು ಬರೆದು, ಜಯಕುಮಾರ್ ಎಲ್. ಎಂದು ದುಂಡಗೆ ಸಹಿ.

ತಪ್ಪು ಮಾತಿನದು ಎಂದು ಹೇಳಿ ಕೈ ತೊಳೆದುಕೊಳ್ಳಬಹುದಿತ್ತು. ಆದರೆ ಒಳಗಿರುವವನು ಬಿಡಬೇಕಲ್ಲ. ಹದಿಮೂರೂ ಹದಿನಾಲ್ಕೂ ಮಾಡಿ ನೋಡಿದಾಗ ಎರಡೂ ಒಂದೇ ಕೆಲಸ ಆಗುತ್ತಿದೆಯಲ್ಲ ಎಂದು ಅವನಿಗೆ ಆವತ್ತೇ ಅನ್ನಿಸಿತ್ತು. ಪೆನ್ನು ಎತ್ತಿಕೊಂಡು ಒಂದು ಗಳಿಗೆ ಕೂತಿದ್ದ. ಎದ್ದು ನಾಲ್ಕು ಹೆಜ್ಜೆ ಹಾಕಿದ್ದರೆ ಅರ್ಪಿತಳ ಮೇಜು. ಕೇಳಲಿಲ್ಲ. ಕೇಳದ್ದಕ್ಕೆ ಕಾರಣ ಅವನಿಗೊಬ್ಬನಿಗೇ ಗೊತ್ತು. ಮೊದಲ ಹಾಳೆ ಇಂಗ್ಲಿಷಿನಲ್ಲಿತ್ತು. ಮೂರು ಸಾಲಿನ ಅರ್ಥ ಕೇಳಲು ಮೂರು ಸಲ ಎದ್ದು ಹೋಗಿದ್ದ. ಮೂರನೇ ಸಲ ಅರ್ಪಿತ ಬೈಯಲಿಲ್ಲ, ಮುಖ ಸಿಂಡರಿಸಲಿಲ್ಲ. ‘ಒಂದ್ ಕೆಲ್ಸ ಮಾಡ್ತೀನಿ ಜಯಣ್ಣ, ನಿಮಗೆ ಅಂತ ಕನ್ನಡದಲ್ಲೇ ಬರ್ಕೊಡ್ತೀನಿ’ ಎಂದು, ಭಾನುವಾರ ಕೂತು ಮೂವತ್ತೆರಡು ಸಾಲನ್ನೂ ಬರೆದು ತಂದುಕೊಟ್ಟಿದ್ದಳು. ಬೈದಿದ್ದರೆ ವಾಸಿಯಾಗಿತ್ತು. ಬೈಗುಳಕ್ಕೆ ಮನಸ್ಸಿನಲ್ಲೇ ತಿರುಗಿ ಬೈಯಬಹುದು. ತನಗಿಂತ ಹದಿಮೂರು ವರ್ಷಕ್ಕೆ ಚಿಕ್ಕವಳಾದ ಹುಡುಗಿ ಕರುಣೆ ತೋರಿಸಿದರೆ ತಿರುಗಿ ಏನು ಮಾಡುವುದು? ಕನ್ನಡದಲ್ಲೇ ಬರೆದುಕೊಟ್ಟ ಮೇಲೂ ಅರ್ಥವಾಗಲಿಲ್ಲ ಎಂದು ಯಾವ ಬಾಯಲ್ಲಿ ಕೇಳುವುದು? ಒಂದೇ ವಿಷಯವನ್ನು ಎರಡು ಸಲ ಬರೆದುಬಿಟ್ಟಿದ್ದಾಳೆ, ಪಾಪ, ತೋರಿಸಿಕೊಡುವುದು ಬೇಡ ಎಂದು ತಾನೇ ದೊಡ್ಡ ಮನಸ್ಸು ಮಾಡಿದವನ ಹಾಗೆ ಟಿಕ್ಕು ಹಾಕಿದ್ದ. ಆ ದೊಡ್ಡ ಮನಸ್ಸು ನೆನಪಾಗಿ ಈಗ ನಲ್ಲಿಯ ಮುಂದೆ ಅವನ ಕಿವಿ ಬಿಸಿಯಾಯಿತು. ಅನುಸೂಯ ಬಂದು, ಕೊಡ ತುಂಬಿ ಬೀದಿಯೂ ತುಂಬಿತಲ್ಲ ಮಾರಾಯರೇ, ಮೈಮೇಲೆ ಪ್ರಜ್ಞೆ ಇದೆಯಾ ಎಂದು ಕೇಳಿದಳು. ಇದೆ ಎಂದ.

ಒಂಬತ್ತಕ್ಕೆ ಐದು ನಿಮಿಷವಿರುವಾಗಲೇ ಅರ್ಪಿತಳ ಕಾರು ಬಂದು ತಿರುವಿನಲ್ಲಿ ನಿಂತಿತ್ತು. ಮುಂದಿನ ಸೀಟಿನಲ್ಲಿ ಕೂರಬೇಕೋ ಹಿಂದೆ ಕೂರಬೇಕೋ ಎನ್ನುವ ತಕರಾರು ಜಯಕುಮಾರನಿಗೆ ಒಂದು ವರ್ಷದಿಂದ ಮುಗಿದಿಲ್ಲ. ಹಿಂದೆ ಕೂತರೆ ಮೇಡಮ್ಮನ್ನು ಡ್ರೈವರು ಮಾಡಿದ ಹಾಗೆ, ಮುಂದೆ ಕೂತರೆ ಸಮಕ್ಕೆ ಸಮ ಕೂತ ಹಾಗೆ. ಅರ್ಪಿತಳೇ ಮುಂದಿನ ಬಾಗಿಲು ತಳ್ಳಿದಳು. ಊರು ದಾಟುವ ಮುಂಚೆ ಹೇಳಿಬಿಡಬೇಕು ಎಂದುಕೊಂಡ. ಊರು ದಾಟಿತು. ದೊಡ್ಡಬೆಳವಂಗಲ ಬರುವುದರೊಳಗೆ ಎಂದುಕೊಂಡ. ಅರ್ಪಿತ ತ್ಯಾಮಗೊಂಡ್ಲಿನ ಕಥೆಯನ್ನು ಇನ್ನೊಂದು ಸಲ ಹೇಳುತ್ತಿದ್ದಳು. ಅಲ್ಲಿಯ ಕೂಲಿಂಗ್ ನಡೆಸುವ ಪ್ರೋಗ್ರಾಂ ಎಂಟು ದಿನ ನಡೆಯುತ್ತದೆ, ಆದರೆ ದಿನದಿನಕ್ಕೆ ಮಂಕಾಗುತ್ತ ಬರುತ್ತದೆ, ಒಂಬತ್ತನೇ ದಿನ ಕಲ್ಲಿನ ಹಾಗೆ ನಿಂತುಬಿಡುತ್ತದೆ. ನಿಲ್ಲಿಸಿ ಮತ್ತೆ ಹಾಕಿದರೆ ಏನೂ ಆಗೇ ಇಲ್ಲವೆನ್ನುವ ಹಾಗೆ ಸರಿಹೋಗುತ್ತದೆ. ರೋಗದ ಗುರುತೂ ಅಳಿಸಿಹೋಗುತ್ತದೆ. ಇವತ್ತಿಗೆ ಎಂಟು ದಿನ ತುಂಬಿತು. ಕಾಯಿಲೆ ಮೈಮೇಲಿರುವಾಗಲೇ ನಾಡಿ ನೋಡಬೇಕು. ಆದರೆ ನೋಡುವಾಗ ಪ್ರೋಗ್ರಾಂ ನಾಲ್ಕು ಸೆಕೆಂಡಿಗಿಂತ ಹೆಚ್ಚು ಹೊತ್ತು ಸುಮ್ಮನಾದರೆ ಅಲ್ಲಿಯ ಕಾವಲು ಪೆಟ್ಟಿಗೆ ಏನೋ ಕೆಟ್ಟಿತೆಂದು ತಿಳಿದು ಕಂಪ್ರೆಸರನ್ನೇ ಆಫ್ ಮಾಡಿಬಿಡುತ್ತದೆ. ಹಾಗೆ ಹಠಾತ್ತನೆ ನಿಂತದ್ದು ತಿರುಗಿ ಏಳಲು ಗಂಟೆಗಟ್ಟಲೆ ಹಿಡಿದದ್ದೂ ಉಂಟು. ಅಷ್ಟರಲ್ಲಿ ಇಪ್ಪತ್ತೆರಡು ಊರಿನ ಬೆಳಗಿನ ಹಾಲು, ಎಂಟು ಸಾವಿರ ಲೀಟರು, ಒಡೆದರೆ ಮೋರಿಗೆ. ‘ಬೇರೆ ಯಾರೇ ಆಗಿದ್ರೂ ನಾನು ಇಷ್ಟು ಧೈರ್ಯವಾಗಿ ಹೋಗ್ತಿರ್ಲಿಲ್ಲ’ ಎಂದಳು ಅರ್ಪಿತ. ‘ನೀವು ನೋಡಿದೀರಲ್ಲ.’ ಜಯಕುಮಾರನ ನಾಲಗೆಯ ತುದಿಗೆ ಬಂದದ್ದು ಹಿಂದಕ್ಕೆ ಹೋಯಿತು. ಗೇರು ಬದಲಾಯಿಸುವಾಗ ಅವಳ ಬಳೆ ಸದ್ದು ಮಾಡಿತು. ದೂರದಲ್ಲಿ ಶಿವಗಂಗೆಯ ಬೆಟ್ಟ ಕಾಣುತ್ತಿತ್ತು. ಅದರ ಕಡೆ ನೋಡಿಕೊಂಡು ಅವನು ಗಂಟಲು ಸರಿ ಮಾಡಿಕೊಂಡ. ಎ.ಸಿ. ಜಾಸ್ತಿ ಆಯಿತಾ ಜಯಣ್ಣ ಎಂದು ಕೇಳಿದಳು. ಇಲ್ಲ ಮೇಡಂ ಎಂದ. ಅವಳು ಕಡಿಮೆ ಮಾಡಿದಳು.

ಅವನಿಗೆ ಅಮ್ಮ ಅಂಜಿನಮ್ಮ ನೆನಪಾದಳು. ಆಕೆ ನೂಲಿನ ಗಿರಣಿಯಲ್ಲಿದ್ದವಳು; ಅವನೂ ಅದೇ ಗಿರಣಿಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದು ಅದು ಮುಚ್ಚಿದ ಮೇಲೆ ಅಲ್ಲಿ ಇಲ್ಲಿ ಅಲೆದು ಈ ಕೆಲಸಕ್ಕೆ ಬಂದವನು. ಸಾಲು ಸಾಲು ಕದಿರುಗಳು ಹುಚ್ಚು ಹಿಡಿದ ಹಾಗೆ ತಿರುಗುತ್ತಿರುವಾಗ ಎಲ್ಲೋ ಒಂದು ಎಳೆ ಕಡಿಯುತ್ತದೆ. ಒಂದೆಳೆಗೆ ಅಂತ ಇಡೀ ಮೆಷಿನ್ನು ನಿಲ್ಲಿಸುತ್ತಾರೆಯೇ? ಅಮ್ಮ ತಿರುಗುವ ಸಾಲಿನೊಳಗೆ ಕೈ ಹಾಕಿ, ಆ ಒಂದು ಕದಿರನ್ನು ಬೆರಳಿನಿಂದ ತಡೆದು, ಕಡಿದ ಎಳೆ ಕೂಡಿಸಿ, ಬೆರಳು ತೆಗೆಯುವಳು. ಅಕ್ಕಪಕ್ಕದವಕ್ಕೆ ಸುದ್ದಿಯೇ ಇಲ್ಲ. ಸ್ಕೂಲು ಬಿಟ್ಟ ಮೇಲೆ ಊಟದ ಡಬ್ಬಿ ಕೊಡಲು ಹೋಗಿ ಬಾಗಿಲಲ್ಲಿ ನಿಂತು ಅವನು ಅದನ್ನೇ ನೋಡುತ್ತಿದ್ದ. ಅಮ್ಮ ಯಾವ ಹಾಳೆಯನ್ನೂ ಓದಿದವಳಲ್ಲ. ಮೊದಲ ಸಲ ಬೆರಳು ಹಾಕುವ ಹುಡುಗಿಯರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಹಿಡಿಯೋದು ಯಾರಾದರೂ ಹಿಡೀತಾರೆ, ಬಿಡೋವಾಗ ನೋಡ್ಕೊ, ಎನ್ನುತ್ತಿದ್ದಳು. ಇದೇ ಅಲ್ಲವೇ ಹದಿನಾಲ್ಕನೇ ಸಾಲು. ಗೊತ್ತಿದ್ದದ್ದೇ ಅಲ್ಲವೇ. ಗೊತ್ತಿದ್ದೂ ಗೊತ್ತಾಗದ ಹಾಗೆ ಕೂತ ನನ್ನ ಮೂತಿಗಿಷ್ಟು ಎಂದುಕೊಂಡ. ಕಾರು ಎಡಕ್ಕೆ ತಿರುಗಿತು. ತೆಂಗಿನ ತೋಟದ ಮಗ್ಗುಲಿಗೆ ಹಾಲಿನ ಕ್ಯಾನು ತುಂಬಿಕೊಂಡ ಟೆಂಪೋಗಳು ಸಾಲಾಗಿ ನಿಂತಿದ್ದವು, ಮತ್ತು ಅವನು ಇನ್ನೂ ಹೇಳಿರಲಿಲ್ಲ.

ಕೇಂದ್ರದ ಕಂಪ್ರೆಸರು ನೋಡಿಕೊಳ್ಳುವವನು ಪಿಳ್ಳಪ್ಪ. ಇನ್ನೇನು ನಿವೃತ್ತಿಗೆ ಬಂದ ಮನುಷ್ಯ, ಖಾಕಿ ಅಂಗಿ, ಹೆಗಲ ಮೇಲೆ ಟವಲು. ಬಂದವರಿಗೆ ಎರಡು ಲೋಟ ಹಾಲು ಕೊಟ್ಟು, ಕುಡಿಯುವುದನ್ನೇ ನೋಡುತ್ತ ಎದುರಿಗೇ ನಿಂತಿದ್ದ. ಜಯಕುಮಾರ ಅರ್ಧ ಕುಡಿದು ಲೋಟ ಪಕ್ಕಕ್ಕಿಟ್ಟ. ಎಂಟು ಸಾವಿರ ಲೀಟರು ಎನ್ನುವುದು ದಾರಿಯಲ್ಲಿ ಬರಿಯ ಲೆಕ್ಕವಾಗಿತ್ತು. ಇಲ್ಲಿ ಅದು ಗೋಡೆಯ ಆಚೆ, ಮನೆಯಷ್ಟೆತ್ತರದ ಉಕ್ಕಿನ ತೊಟ್ಟಿಯಲ್ಲಿ ನಿಧಾನವಾಗಿ ತಿರುಗುತ್ತ ತಣ್ಣಗಾಗುತ್ತಿತ್ತು. ಹೊರಗೆ ಹೆಂಗಸರು ಖಾಲಿ ಕ್ಯಾನು ತೊಳೆದುಕೊಳ್ಳುತ್ತಿದ್ದರು. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಕೊಟ್ಟಿಗೆಗೆ ಹೋದ ಕೈಗಳು. ಅರ್ಪಿತ ಕಂಟ್ರೋಲ್ ರೂಮಿನ ಪುಟ್ಟ ಮೇಜಿನ ಮೇಲೆ ಲ್ಯಾಪ್‌ಟಾಪು ತೆರೆದು, ಕೇಬಲ್ಲು ಸಿಕ್ಕಿಸಿ, ಇಣುಕು ಹಾಕಿದಳು. ತೆರೆಯ ಮೇಲೆ ಅಲ್ಲಿ ನಡೆಯುತ್ತಿದ್ದ ಪ್ರೋಗ್ರಾಮುಗಳ ಪಟ್ಟಿ ಬಂತು. ಮೇಲಿನದೇ ಕೂಲಿಂಗಿನದು: ಎಂಟು ದಿನ, ಮೂರು ಗಂಟೆಯಿಂದ ನಡೆಯುತ್ತಿದೆ ಎಂದು ತೋರಿಸುತ್ತಿತ್ತು. ಅವಳು ಅದರ ಮೇಲೆ ಬೆಳಕಿನ ಗೆರೆ ತಂದು ನಿಲ್ಲಿಸಿದಳು. ಇನ್ನೊಂದು ಗುಂಡಿ ಒತ್ತುವುದಷ್ಟೇ ಬಾಕಿ. ಹೇಳುವುದಿದ್ದರೆ ಈಗ ಎಂದುಕೊಂಡ. ಬಹುಶಃ ಏನೂ ಆಗುವುದಿಲ್ಲ ಎಂದೂ ಅಂದುಕೊಂಡ. ಇಣುಕು ಒಳ್ಳೆಯ ಸಾಧನ. ಅರ್ಪಿತ ಬುದ್ಧಿವಂತೆ. ಸುಮ್ಮನಿದ್ದರೆ ಹತ್ತು ಸೆಕೆಂಡಿನಲ್ಲಿ ಎಲ್ಲ ಮುಗಿದು, ತನ್ನ ಟಿಕ್ಕು ನಿಜವೇ ಆಗಿಹೋಗಿ, ಯಾರಿಗೂ ಯಾವತ್ತೂ ಗೊತ್ತಾಗದೆ ಹೋಗಬಹುದು. ಆ ಆಸೆ ಎಷ್ಟು ಸಿಹಿಯಾಗಿತ್ತೆಂದರೆ ಅವನಿಗೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಆಗ ಪಿಳ್ಳಪ್ಪ ಬಾಗಿಲ ಹತ್ತಿರದಿಂದ ಕೇಳಿದ: ‘ಅದು ಓಡ್ತಾ ಇರೋವಾಗ್ಲೇ ಹಿಡ್ಕೊಂಡ್ರೆ ನಿಂತೋಗಲ್ವಾ ತಾಯಿ?’

ಅರ್ಪಿತ ತಿರುಗದೆಯೇ ನಕ್ಕಳು. ‘ಇಪ್ಪತ್ತೊಂದು ಸಲ ನೋಡಿದಾರೆ ನಮ್ ಜಯಣ್ಣ. ಅವ್ರು ನೋಡಿದ್ರೆ ಮುಗೀತು.’

ಪಿಳ್ಳಪ್ಪ ಜಯಕುಮಾರನ ಕಡೆ ತಿರುಗಿದ. ಕುಹಕವಿರಲಿಲ್ಲ, ಅನುಮಾನವೂ ಇರಲಿಲ್ಲ. ಮನೆಗೆ ಬಂದ ನೆಂಟನನ್ನು ಊಟ ಆಯಿತಾ ಎಂದು ಕೇಳುವ ಹಾಗೆ ಕೇಳಿದ: ‘ನೋಡಿದ್ದೀಯೇನಪ್ಪಾ?’

‘ಇಲ್ಲ’ ಎಂದ ಜಯಕುಮಾರ.

ಅದು ತನ್ನ ಬಾಯಿಂದ ಬಂದದ್ದು ಎಂದು ತಿಳಿಯಲು ಅವನಿಗೇ ಸ್ವಲ್ಪ ಹೊತ್ತು ಹಿಡಿಯಿತು. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಪೀಠಿಕೆ, ಮೇಡಂ ತಪ್ಪು ತಿಳ್ಕೋಬಾರದು, ಒಂದು ಸಣ್ಣ ವಿಷಯ, ಇತ್ಯಾದಿ ಯಾವುದೂ ಬೇಕಾಗಲಿಲ್ಲ. ನಾಚಿಕೆ ಬರುವುದಕ್ಕೆ ಮುಂಚೆಯೇ ಮನಸ್ಸು ಹಗುರಾಯಿತು. ಅರ್ಪಿತ ಗುಂಡಿಯಿಂದ ಬೆರಳು ತೆಗೆದು ತಿರುಗಿದಳು. ಜಯಕುಮಾರ ಬ್ಯಾಗಿನಿಂದ ಹಾಳೆ ತೆಗೆದು ಅವಳ ಮುಂದಿಟ್ಟು ಹದಿನಾಲ್ಕನೇ ಸಾಲಿನ ಮೇಲೆ ಬೆರಳಿಟ್ಟ. ‘ಬಿಟ್ಟು ಅಂದ್ರೆ ಶುರು ಮಾಡಿ ಅಂದ್ಕೊಂಡ್ಬಿಟ್ಟೆ ಮೇಡಂ. ನೀರು ಬಿಡ್ತಾರಲ್ಲ, ಹಂಗೆ. ಓಡ್ತಿರೋದನ್ನ ಒಂದ್ಸಲಾನೂ ಹಿಡಿದಿಲ್ಲ. ಡೌಟು ಬಂದಿತ್ತು. ಕನ್ನಡದಲ್ಲಿ ಬರ್ಕೊಟ್ರೂ ಗೊತ್ತಾಗ್ಲಿಲ್ಲ ಅಂತ ಕೇಳೋಕೆ ನಾಚ್ಕೆ ಆಯ್ತು.’ ಕೊನೆಯ ಮಾತು ಹೇಳುವಾಗ ಅವನ ದನಿ ಸ್ಕೂಲು ಹುಡುಗನದಾಗಿತ್ತು. ಅರ್ಪಿತ ಹಾಳೆಯನ್ನು ಓದಿದಳು. ಮತ್ತೊಂದು ಸಲ ಓದಿದಳು. ಅವಳ ಮುಖ ಕೆಂಪಾಯಿತು. ಎದ್ದು ಹೊರಗೆ ಹೋದಳು.

ಕಿಟಕಿಯಿಂದ ನೋಡಿದರೆ ಅವಳು ಟೆಂಪೋಗಳ ಪಕ್ಕದಲ್ಲಿ ಅತ್ತ ಇತ್ತ ಓಡಾಡುತ್ತಿದ್ದದ್ದು ಕಾಣುತ್ತಿತ್ತು. ಹೋಯಿತು, ಕೆಲಸ ಹೋಯಿತು ಎಂದುಕೊಂಡ ಜಯಕುಮಾರ. ಅನುಸೂಯಳಿಗೆ ಏನು ಹೇಳುವುದು? ಮಗಳು ಸಿಂಚನ ತನ್ನ ಕ್ಲಾಸಿನಲ್ಲೆಲ್ಲ, ನಮ್ಮಪ್ಪ ಸಾಫ್ಟ್‌ವೇರ್ ಚೆಕ್ ಮಾಡ್ತಾರೆ, ಅವರು ಸರಿ ಅಂದ್ರೇನೇ ಸರಿ, ಎಂದು ಹೇಳಿಕೊಂಡು ತಿರುಗುತ್ತಾಳಂತೆ. ಹೇಳಿಕೊಳ್ಳಲಿ ಪಾಪ. ವಿಚಿತ್ರವೆಂದರೆ ಈ ಎಲ್ಲ ಯೋಚನೆಯೂ ಮೇಲೆ ಮೇಲೆ ತೇಲುತ್ತಿತ್ತು. ಅದರ ಕೆಳಗೆ, ಹೇಳಿಬಿಟ್ಟ ಹಗುರ ಹಾಗೇ ಇತ್ತು. ಗೋಡೆಯಾಚೆ ತೊಟ್ಟಿಯಲ್ಲಿ ಹಾಲು ತಿರುಗುತ್ತಲೇ ಇತ್ತು. ಪಿಳ್ಳಪ್ಪ ಬಂದು, ಅರ್ಧಕ್ಕೆ ಬಿಟ್ಟಿದ್ದ ಹಾಲಿನ ಲೋಟವನ್ನು ಅವನ ಕೈಗೆ ಕೊಟ್ಟು, ತಣ್ಣಗಾಗೈತೆ, ಕುಡಿ ಎಂದ. ಕುಡಿದ. ಈ ಸಲ ಪೂರ್ತಿ ಮುಗಿಸಿದ.

ಐದು ನಿಮಿಷಕ್ಕೆ ಅರ್ಪಿತ ಒಳಗೆ ಬಂದಳು. ‘ಸಿಟ್ಟು ಬಂದಿತ್ತು ಜಯಣ್ಣ. ಯಾರ ಮೇಲೆ ಅಂತ ಗೊತ್ತಾಗ್ಲಿಲ್ಲ, ಅದಕ್ಕೆ ಹೊರಗೆ ಹೋದೆ’ ಎಂದು ಕೂತಳು. ಇಣುಕು ಹಿಡಿದದ್ದನ್ನು ಬಿಡುವ ಭಾಗದ ಬಗ್ಗೆ ತನಗೂ ಒಳಗೊಳಗೇ ಅನುಮಾನವಿತ್ತಂತೆ. ಅದನ್ನು ಅವಸರದಲ್ಲಿ ಬರೆದು ಮುಗಿಸಿದ್ದಳಂತೆ. ತಾನೇ ಒಂದು ಸಲ ನೋಡಬೇಕು ಎಂದುಕೊಂಡವಳು, ಇಪ್ಪತ್ತೊಂದು ಟಿಕ್ಕು ನೋಡಿ, ಜಯಣ್ಣ ನೋಡಿದ ಮೇಲೆ ಇನ್ನೇನು ಎಂದು ಹಾಯಾಗಿ ನಿದ್ದೆ ಮಾಡಿದಳಂತೆ. ನಿಮಗೆ ನನ್ನನ್ನು ಕೇಳೋಕೆ ನಾಚಿಕೆ, ನನಗೆ ನಿಮ್ಮನ್ನು ಕೇಳೋಕೆ ಸೋಮಾರಿತನ, ಎಂದಳು. ಆಮೇಲೆ ಅವಳಿಗೆ ನಗು ಬಂತು. ನೀರು ಬಿಡೋದಾ, ಎಂದು ಇನ್ನೊಂದು ಸಲ ಕೇಳಿ, ಮೇಜಿನ ಮೇಲೆ ತಲೆಯಿಟ್ಟು ನಕ್ಕಳು. ಪಿಳ್ಳಪ್ಪನಿಗೆ ಏನೂ ತಿಳಿಯದಿದ್ದರೂ ಅವನೂ ನಕ್ಕ. ಜಯಕುಮಾರ ನಗಬಹುದೋ ಬಾರದೋ ಎಂದು ನೋಡುತ್ತ ನಿಂತಿದ್ದು, ಕೊನೆಗೆ ಎಲ್ಲರೂ ಮುಗಿಸಿದ ಮೇಲೆ ತಾನೊಬ್ಬನೇ ನಕ್ಕ.

ಈಗ ಬೇಕಾದದ್ದು, ಓಡುತ್ತಿರುವ ಆದರೆ ನಿಂತರೂ ಯಾರ ಗಂಟೂ ಹೋಗದ ಒಂದು ಪ್ರೋಗ್ರಾಂ. ಹೊರಗೋಡೆಯ ಬೋರ್ಡನ್ನು ತೋರಿಸಿಕೊಟ್ಟವನು ಪಿಳ್ಳಪ್ಪ. ಯಾವ ಊರಿನ ಹಾಲು ಎಷ್ಟು ಲೀಟರು ಬಂತೆಂದು ಕೆಂಪಕ್ಷರದಲ್ಲಿ ಹಗಲೆಲ್ಲ ಓಡಿಸುವ ಬೋರ್ಡು. ಅದನ್ನು ಓಡಿಸುವ ಪ್ರೋಗ್ರಾಮೂ ಇದೇ ಕಂಪ್ಯೂಟರಿನಲ್ಲಿದೆ, ತಿಂಗಳಿಂದ ನಿಂತಿಲ್ಲ. ಅರ್ಪಿತ ಜಯಕುಮಾರನನ್ನೇ ಕೂರಿಸಿದಳು. ಪಿಳ್ಳಪ್ಪ ಬೋರ್ಡು ಕಾಣುವ ಹಾಗೆ ಅಂಗಳದಲ್ಲಿ ನಿಂತ. ಜಯಕುಮಾರ ಹಿಡಿದ. ಇಣುಕು ಒಳಗಿನದನ್ನೆಲ್ಲ ಒಂದು ಗಳಿಗೆಯಲ್ಲಿ ಚಿತ್ರ ತೆಗೆದ ಹಾಗೆ ತಂದು ತೋರಿಸಿತು. ಬಿಟ್ಟ. ಬಿಡಲಾಗಿದೆ ಎಂದು ತೆರೆಯ ಮೇಲೆ ಹಸಿರಕ್ಷರ ಬಂತು. ಹಸಿರು ನೋಡಿ ಜಯಕುಮಾರ ಉಸಿರು ಬಿಡುವಷ್ಟರಲ್ಲಿ ಅಂಗಳದಿಂದ ಪಿಳ್ಳಪ್ಪನ ದನಿ ಬಂತು: ‘ನಿಂತೋಯ್ತು.’

ಇಬ್ಬರೂ ಎದ್ದು ಹೊರಗೆ ಓಡಿದರು. ಬೋರ್ಡಿನ ಮೇಲೆ ಒಂದು ಊರಿನ ಹೆಸರು ಅರ್ಧ ಬಂದು ಹಾಗೇ ನಿಂತಿತ್ತು. ಅರ್ಪಿತ ಬಾಯಿಯೊಳಗೇ ಎಣಿಸಿದಳು. ನಾಲ್ಕಾಯಿತು. ಹತ್ತಾಯಿತು. ಅರವತ್ತಾಯಿತು. ಕ್ಯಾನು ತೊಳೆಯುತ್ತಿದ್ದ ಹೆಂಗಸರು ಇವರು ಮೂವರೂ ಗೋಡೆ ನೋಡುತ್ತ ನಿಂತದ್ದನ್ನು ನೋಡಿದರು. ಗುಂಡಿ ಒತ್ತಿದ್ದರೆ ಇಷ್ಟು ಹೊತ್ತಿಗೆ ಕಂಪ್ರೆಸರು ಆರಿರುತ್ತಿತ್ತು, ತೊಟ್ಟಿಯಲ್ಲಿ ಹಾಲು ತಿರುಗುವುದು ನಿಂತಿರುತ್ತಿತ್ತು, ಹಸಿರಕ್ಷರ ಮಾತ್ರ ಎಲ್ಲ ಸರಿ ಇದೆ ಎಂದು ಹೇಳುತ್ತಿರುತ್ತಿತ್ತು. ಜಯಕುಮಾರ ಅಲ್ಲೇ ಜಗಲಿಯ ಮೇಲೆ ಕೂತ. ಹೆದರಿಕೆ ಈಗ ಬಂತು, ಎಲ್ಲ ತಪ್ಪಿಹೋದ ಮೇಲೆ. ಅದರ ಬೆನ್ನಿಗೇ, ಬಿಸಿಲಿಂದ ನೆರಳಿಗೆ ಬಂದ ಹಾಗೆ, ನೆಮ್ಮದಿಯೂ ಬಂತು. ಇಲ್ಲ ಎಂದದ್ದಕ್ಕೆ ಅವನಿಗೆ ಜೀವನದಲ್ಲಿ ಇಷ್ಟು ಸಂತೋಷ ಯಾವತ್ತೂ ಆಗಿರಲಿಲ್ಲ. ಜೇಬಿನಿಂದ ಪೆನ್ನು ತೆಗೆದು, ಹಾಳೆಯ ಹದಿನಾಲ್ಕನೇ ಸಾಲಿನ ಟಿಕ್ಕುಗಳನ್ನೆಲ್ಲ ಹೊಡೆದುಹಾಕಿ, ‘ಬಿಟ್ಟ ಮೇಲೆ ನಡೆಯುವುದಿಲ್ಲ’ ಎಂದು ಬರೆದ. ಸಹಿ ಹಾಕಿದ. ಸರಿ ಇಲ್ಲ ಎಂದು ಸಹಿ ಹಾಕಿದ್ದು ಈ ಒಂದು ವರ್ಷದಲ್ಲಿ ಇದೇ ಮೊದಲು.

ಅರ್ಪಿತಳಿಗೆ ಒಂದೂವರೆ ಗಂಟೆ ಬೇಕಾಯಿತು. ಕೈಯಲ್ಲಿ ಹಿಡಿದದ್ದನ್ನು ಬಿಡುವಾಗ, ನಡೆ ಎಂದು ಹೇಳುವುದನ್ನೇ ಇಣುಕು ಮರೆಯುತ್ತಿತ್ತಂತೆ. ತಾನೇ ಶುರು ಮಾಡಿದ ಪ್ರೋಗ್ರಾಮಾದರೆ ಬೇರೆ ದಾರಿಯಲ್ಲಿ ಹೋಗಿ ಸರಿಯಾಗಿ ಬಿಡುತ್ತದೆ. ಅದಕ್ಕೇ ಜಯಕುಮಾರನ ಮೇಜಿನ ಮೇಲೆ ಎಂದೂ ಸಿಕ್ಕಿಬಿದ್ದಿರಲಿಲ್ಲ. ಆಮೇಲೆ ಅವನು ಕೂತು ಬೋರ್ಡನ್ನು ಹಿಡಿದ, ಬಿಟ್ಟ. ಓಡಿತು. ಹಿಡಿದ, ಬಿಟ್ಟ. ಪಿಳ್ಳಪ್ಪ ಅಂಗಳದಿಂದ, ಓಡ್ತೈತೆ, ಓಡ್ತೈತೆ, ಎನ್ನುತ್ತಿದ್ದ. ಇಪ್ಪತ್ತೊಂದು ಸಾಕು ಜಯಣ್ಣ ಎಂದು ಅರ್ಪಿತ ಹೇಳಿದರೂ ಅವನು ನಲವತ್ತು ಮಾಡಿದ. ಸಿಂಚನ ಹೇಳಿಕೊಂಡು ತಿರುಗುವ ಆ ಮಾತಿಗಾದರೂ ನಲವತ್ತು ಇರಲಿ ಎಂದುಕೊಂಡ. ಪ್ರತಿ ಸಲವೂ ಬಿಡುವಾಗ ಅವನ ಬೆರಳು ಒಂದಿಷ್ಟು ತಡೆದು, ನೋಡಿಕೊಂಡು, ಏಳುತ್ತಿತ್ತು.

ಒಂದೂವರೆಗೆ ಕೂಲಿಂಗಿನ ಸರದಿ. ಪಿಳ್ಳಪ್ಪ ಈ ಸಲ ಅಂಗಳಕ್ಕೆ ಹೋಗಲಿಲ್ಲ. ಕಂಪ್ರೆಸರಿನ ಪೈಪಿನ ಮೇಲೆ ಅಂಗೈ ಇಟ್ಟುಕೊಂಡು, ಮಗುವಿಗೆ ಜ್ವರ ನೋಡುವವನ ಹಾಗೆ ಕಣ್ಣು ಮುಚ್ಚಿ ನಿಂತ. ಗುಂಡಿ ನೀವೇ ಒತ್ತಿ ಎಂದಳು ಅರ್ಪಿತ. ಜಯಕುಮಾರ ಒತ್ತಿದ. ಆ ಅರೆಗಳಿಗೆಯಲ್ಲಿ ಅವನಿಗೆ ಏನೂ ಕೇಳಿಸಲಿಲ್ಲ, ತನ್ನ ರಕ್ತ ಕಿವಿಯಲ್ಲಿ ಹರಿಯುವುದು ಬಿಟ್ಟು. ಬಿಟ್ಟ. ಪಿಳ್ಳಪ್ಪನ ಮುಖ ನೋಡಿದ. ಪಿಳ್ಳಪ್ಪ ಕಣ್ಣು ತೆರೆದು, ಯಾವಾಗ ಹಿಡೀತೀರಾ ಎಂದು ಕೇಳಿದ. ಹಿಡಿದು ಬಿಟ್ಟಾಯಿತು ಎಂದಳು ಅರ್ಪಿತ. ‘ಗೊತ್ತೇ ಆಗ್ಲಿಲ್ಲ’ ಎಂದ ಪಿಳ್ಳಪ್ಪ, ಏನೋ ಮೋಸವಾದವನ ಹಾಗೆ.

ರೋಗವೂ ಸಿಕ್ಕಿತು. ಪ್ರೋಗ್ರಾಂ ಹಾಲಿನ ಬಿಸಿಯನ್ನು ಸೆಕೆಂಡಿಗೊಂದು ಸಲ ಅಳೆಯುತ್ತದಲ್ಲ, ಆ ಹಳೆಯ ಅಳತೆಗಳಲ್ಲಿ ಒಂದನ್ನೂ ಬಿಸಾಡದೆ ಇಟ್ಟುಕೊಂಡು ಕೂತಿತ್ತು. ಹೊಸದೊಂದು ಬಂದಾಗಲೆಲ್ಲ ಎಂಟು ದಿನದ್ದನ್ನೂ ಮೊದಲಿನಿಂದ ಓದಿಕೊಂಡು ಬರುತ್ತಿತ್ತು. ಮಂಕಾಗದೆ ಇನ್ನೇನು, ಎಂದು ಅರ್ಪಿತ ತೆರೆಯನ್ನು ತೋರಿಸಿ ನಕ್ಕಳು. ಜಯಕುಮಾರ ಬಗ್ಗಿ ನೋಡಿದ. ಇಂಗ್ಲಿಷಿನ ಹಾಳೆ, ಮೂರು ಸಲ ಎದ್ದು ಹೋದದ್ದು, ಕಾರಿನ ಮುಂದಿನ ಸೀಟು, ಗಿರಣಿ ಮುಚ್ಚಿದ ವರ್ಷ ಕೆಲಸ ಕೇಳಲು ಹೋದ ಕಡೆಯಲ್ಲೆಲ್ಲ ಬೆಂಚಿನ ತುದಿಯಲ್ಲಿ ಕೂತದ್ದು, ಎಲ್ಲವನ್ನೂ ದಿನಕ್ಕೊಂದು ಸಲ ಮೊದಲಿನಿಂದ ಓದುವವನು ಅವನೂ ಅಲ್ಲವೇ. ಇದನ್ನು ಯಾರಿಗೂ ಹೇಳಲಿಲ್ಲ. ಎಷ್ಟನ್ನು ಉಳಿಸಿಕೊಂಡರೆ ಸಾಕು ಮೇಡಂ ಎಂದಷ್ಟೇ ಕೇಳಿದ. ಹತ್ತು ಸಾಕು, ಮಿಕ್ಕಿದ್ದು ಎಸೆದುಬಿಡೋಣ ಎಂದಳು. ಅರ್ಥವಾಗದ ಇನ್ನೆರಡು ಇಂಗ್ಲಿಷ್ ಪದ ತೆರೆಯ ಮೇಲಿದ್ದವು. ಅವುಗಳ ಅರ್ಥವನ್ನೂ ಅಲ್ಲೇ, ಪಿಳ್ಳಪ್ಪನ ಎದುರಿಗೇ, ಕೇಳಿದ. ಅವಳು ಹೇಳಿದಳು. ಅಷ್ಟೇ. ಏನೂ ಆಗಲಿಲ್ಲ.

ಹೊರಡುವಾಗ ನಾಲ್ಕಾಗಿತ್ತು. ಮುಂದಿನ ಸೀಟಿನಲ್ಲಿ ಕೂತು ಬೆಲ್ಟು ಹಾಕಿಕೊಂಡದ್ದು ಜಯಕುಮಾರನಿಗೆ ನೆನಪಿದೆ. ಹದಿನಾಲ್ಕನೇ ಸಾಲನ್ನು ಇನ್ನು ಹೇಗೆ ಬರೆಯುವುದು ಎಂದು ಅರ್ಪಿತ ಕೇಳಿದ್ದೂ, ಯೋಚನೆ ಮಾಡಿ ಹೇಳ್ತೀನಿ ಮೇಡಂ ಎಂದು ತಾನು ಅಂದದ್ದೂ ನೆನಪಿದೆ. ಆಮೇಲಿನದಿಲ್ಲ. ಬಿಸಿಲು ತೊಡೆಯ ಮೇಲೆ ಬಿದ್ದಿತ್ತು, ಕಾರು ಒಂದೇ ಸಮನೆ ಗುನುಗುತ್ತಿತ್ತು, ಮತ್ತು ಮೈಯ ಒಂದೊಂದೇ ಕೀಲು ಯಾರೋ ಬಿಚ್ಚಿದ ಹಾಗೆ ಸಡಿಲವಾಗುತ್ತ ಹೋಯಿತು. ಯಜಮಾನಿಯ ಪಕ್ಕದಲ್ಲಿ ಬಾಯಿ ತೆರೆದುಕೊಂಡು, ಗೊರಕೆಯನ್ನೂ ಹೊಡೆದು, ಅವನು ಮಲಗಿಬಿಟ್ಟ. ಎಚ್ಚರವಾದಾಗ ಸಂಜೆಯ ಬೆಳಕು ಹಳದಿಯಾಗಿತ್ತು. ಕಿಟಕಿಯಾಚೆ ದೊಡ್ಡಬಳ್ಳಾಪುರದ ಬಸ್‌ಸ್ಟ್ಯಾಂಡು ಹಿಂದಕ್ಕೆ ಹೋಗುತ್ತಿತ್ತು. ಅವನ ಮನೆಯ ತಿರುವು ಬಂತು. ಕಾರು ನಿಲ್ಲದೆ ಮುಂದಕ್ಕೆ ಹೋಯಿತು. ಅವನು ಗಡಬಡಿಸಿ ನೆಟ್ಟಗೆ ಕೂತು, ಬಾಯಿ ಒರೆಸಿಕೊಂಡು, ಮೇಡಂ ತಿರುವು ದಾಟಿಬಿಟ್ಟಿತು ಎಂದ.

‘ಎದ್ರಾ?’ ಎಂದಳು ಅರ್ಪಿತ, ರಸ್ತೆಯಿಂದ ಕಣ್ಣು ತೆಗೆಯದೆ. ‘ಇದು ನಾಲ್ಕನೇ ಸುತ್ತು ಜಯಣ್ಣ. ನಿಲ್ಲಿಸಿದ್ರೆ ಎಚ್ಚರ ಆಗ್ಬಿಡುತ್ತೆ ಅಂತ ನಿಲ್ಲಿಸ್ಲಿಲ್ಲ.’

ಕಣ್ಣು ತುಂಬಿ ಬಂದದ್ದು ಕಾಣದಿರಲೆಂದು ಜಯಕುಮಾರ ಕಿಟಕಿಯ ಕಡೆ ತಿರುಗಿದ. ಮುಂದೆ ರಸ್ತೆ ಖಾಲಿ ಇತ್ತು. ಇನ್ನೊಂದು ಸುತ್ತು ಹೋದರೆ ಪೆಟ್ರೋಲು ದಂಡವಲ್ಲವೇ ಮೇಡಂ ಎಂದು ಬಾಯಲ್ಲಿ ಅಂದು, ಸೀಟಿಗೆ ಪೂರ್ತಿ ಒರಗಿ ಕೂತ.